ಷರಾ

ಬಿಡನಾಳದ ಶಾಲೆ, ಮೂರನೇ ಇಯತ್ತೆಯ ಕೋಣೆ.
ನಾಕು ಗಿಡ್ಡ ಬೆಂಚು ಜೋಡಿಸಿ ಹಾಸಿದ್ದೇವೆ
ಇನ್ನಿಪ್ಪತ್ತೈದು ವರ್ಷದ ಹುಬ್ಬಳ್ಳಿ-ಧಾರವಾಡವನ್ನು.
ಮೂಲೆಗೊಂದು ಕಲ್ಲು, ಫ್ಯಾನಿನ ಗಾಳಿಗೆ ಊರು ಹಾರದಂತೆ.
ಹಳದಿ ಅಂದರೆ ಮನೆ, ನೀಲಿ ಅಂದರೆ ಅಂಗಡಿ,
ನೇರಳೆ ಕಾರಖಾನೆ, ಹಸಿರು
ಎಲ್ಲಿ ಉಳಿಯಿತೋ ಅಲ್ಲಿ.

ನನ್ನದು ಬರೆಯುವ ಕೆಲಸ. ದಿನಗೂಲಿ.
ಹೆಸರು, ವಾರ್ಡು, ಸರ್ವೆ ನಂಬರು,
ಸಲಹೆ ಅಥವಾ ಆಕ್ಷೇಪಣೆ, ಒಂದನ್ನು ಹೊಡೆದುಹಾಕಿ,
ಸಹಿ, ಕೊನೆಗೆ
ಎರಡು ಬೆರಳಗಲದ ಷರಾ.

ಬಂದವರು ಯಾರೂ ಊರನ್ನು ನೋಡಲಿಲ್ಲ.
ತಮ್ಮ ಮನೆ ಹುಡುಕಿದರು.
ಬೆರಳು ಗಬ್ಬೂರು ದಾಟಿ, ರೈಲು ಹಳಿ ಹಿಡಿದು
ತಡವರಿಸಿ ನಿಂತು:
‘ಇಲ್ಲೇ ಇರಬೇಕಲ್ರೀ, ಗಿರಣಿ ಬಾಜೂಕ?’
ನಕಾಶೆಯಲ್ಲಿ ಗಿರಣಿ ಇಲ್ಲ. ಬಾಜೂನೂ ಇಲ್ಲ.
ಬೆವರ ಬೆರಳು ಒರೆಸಿ ಒರೆಸಿ ಮಧ್ಯಾಹ್ನದ ಹೊತ್ತಿಗೆ
ಬಿಡನಾಳ ಒಂದು ಬೂದು ಕಲೆ.

ಒಬ್ಬ ಗಟಾರದ ತಕರಾರು ತಂದ.
‘ಅದು ದುರಸ್ತಿ, ಯೋಜನೆ ಅಲ್ಲ’ ಅಂದರು ಸಾಹೇಬರು.
‘ಹಂಗಾರ ಇಪ್ಪತ್ತೈದ ವರ್ಸ ಬಿಟ್ಟ ಬರ್ತೀನ್ರಿ,
ಅಷ್ಟೊತ್ತಿಗೆ ಯೋಜನೆ ಆಗಿರ್ತೈತಿ.’

ಗೋರಿ ತೋಡುವ ಪೀರಸಾಬ ಕುರ್ಚಿಯಲ್ಲಿ ಕೂಡಲಿಲ್ಲ.
‘ಜನಾ ಎಷ್ಟ ಹೆಚ್ಚಾಗತೈತಿ ಬರದೀರಿ.
ಎಷ್ಟ ಸಾಯತೈತಿ ಬರದಿಲ್ಲಲ್ಲ?
ಎಲ್ಲಾರೂ ನಿಮ್ಮ ಹಳದಿಯೊಳಗ ಮಲಗಾಕ ಆಗೂದಿಲ್ಲ.’
ನಗಲು ಹೊರಟ ಸಾಹೇಬರು
ಕ್ಯಾಲ್ಕುಲೇಟರ್ ತೆಗೆದರು.

ಬಾಗಿಲಲ್ಲಿ ಎರಡು ಜಡೆಯ ಹುಡುಗಿ. ಸಲಹೆಯೇನವ್ವಾ?
‘ಆ ಬೆಂಚ್ ನಂದ್ರಿ. ನಾಳೆ ಸಾಲಿ ಐತಿ.’

ಸಂಜೆ ಬಾಗಿಲು ಹಾಕುವಾಗ ನೀಲವ್ವ ಹುಲಗೂರ.
ಅಮರಗೋಳದ ಯಾರ್ಡಿನಲ್ಲಿ
ದಿನವಿಡೀ ಒಣಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದವಳು,
ಎರಡೂ ಕೈ ಮೈಯಿಂದ ದೂರ ಹಿಡಿದು, ಬೇರೆ ಯಾರವೋ ಅನ್ನುವಂತೆ.
‘ನಾ ಮುಟ್ಟೂದಿಲ್ಲಪಾ, ನಕಾಶಿ ಉರದೀತು.
ಬರಕೋ. ಯಾರ್ಡಿನ ಮುಂದ ನಲವತ್ತ ಹೆಣಮಕ್ಕಳು
ಬಸ್ಸಿಗೆ ನಿಂದರತೀವಿ. ಕೂಡಾಕೊಂದು ಕಟ್ಟಿ.
ಕೈ ತೊಳಿಯಾಕೊಂದು ನಳ.
ಮನಿಗ್ಹೋಗಿ ಕೂಸಿನ ಮುಟ್ಟೂದೈತಿ.’

ಬರೆದೆ:
‘ಮಾರುಕಟ್ಟೆ ಎದುರು ಸಾರ್ವಜನಿಕ ಆಸನ ಹಾಗೂ
ನೀರಿನ ಸೌಲಭ್ಯ ಕೋರಿಕೆ.’

‘ಓದಿ ಹೇಳು.’
ಓದಿದೆ.
‘ಯಾರ ಹೇಳಿದ್ದಿದು?’
‘ನೀವೇ ಅಲ್ಲೇನವ್ವಾ.’
‘ನಾ ಕೂಸು ಅಂದೆ. ಇದರಾಗ ಕೂಸ ಎಲ್ಲೈತಿ?’

ಹುಡುಕಿದೆ. ಆಸನದ ಕೆಳಗೆ, ಸೌಲಭ್ಯದ ಹಿಂದೆ.
ಹೊಡೆದುಹಾಕಿ, ಷರಾದ ಎರಡು ಬೆರಳಗಲದಲ್ಲಿ
ಅವಳಂದಂತೆಯೇ ತುರುಕಿದೆ, ಇರುವೆಯಂಥ ಅಕ್ಷರದಲ್ಲಿ.
ಮತ್ತೆ ಓದಿಸಿಕೊಂಡು, ‘ಹಾಂ’ ಅಂದು,
ನನ್ನ ಪೆನ್ನು ಇಸಿದುಕೊಂಡು
ನಿಧಾನ ಸಹಿ ಮಾಡಿದಳು. ನೀ ದೊಡ್ಡದು, ಲವ್ವ ಸಣ್ಣದು.

ರಾತ್ರಿ ಆಫೀಸಿನಲ್ಲಿ ಕಟ್ಟು ಬಿಚ್ಚಿದಾಗ
ಮೇಲಿನವರ ಚೀಟಿ:
ಹೊಡೆದು ತಿದ್ದಿದ ನಮೂನೆಗಳನ್ನು ಸ್ವೀಕರಿಸಲಾಗದು.
ಶುದ್ಧಪ್ರತಿ ಮಾಡಿ.

ಹೊಸ ಹಾಳೆ ತೆಗೆದೆ. ಪೆನ್ನು ಅದೇ.
ಸಲಹೆ ಅನ್ನುವಲ್ಲಿಗೆ ಬಂದು ನಿಂತೆ,
ಯಾವುದನ್ನು ಇಳಿಸಲಿ ಅನ್ನುತ್ತ
ಕಣ್ಣುಜ್ಜಿದೆ

ಉರಿ.
ಕೋಣೆ, ಟ್ಯೂಬಲೈಟು, ಗೋಡೆಯ ಮೇಲಿನ ಊರು
ಎಲ್ಲ ನೀರು ನೀರು.
ತಡಕಾಡುತ್ತ ಎದ್ದೆ.

ನಮ್ಮ ನಳ
ಬಾಗಿಲ ಹೊರಗೇ ಇದೆ. ನಾಕೇ ಹೆಜ್ಜೆ.