ಜಗ್ಗಿ ನೋಡು

ಜತ್ತ ಸ್ಟ್ಯಾಂಡಿನ ಎದುರಿಗೆ, ಸಾಂಗಲಿ ಗಾಡಿ ಹೊಳ್ಳೂ ಕಡೆ,
ಛತ್ರಿ ಕೆಳಗ ನಂದೊಂದು ಗೋಣಿತಟ್ಟು.
ಚಪ್ಪಲಿ ಉಂಗುಟ, ಚೀಲದ ಕಿವಿ, ಎತ್ತಿನ ಗೆಜ್ಜಿಪಟ್ಟಿ,
ಯಾವುದು ಎಲ್ಲಿ ಹರೀತದ ಅಂತ
ಕೈಯಾಗ ಹಿಡಿಯೂದರಾಗ ಹೇಳತೀನಿ.

ಸಂಗ್ರಾಮ ಐವಳೆ ತಂದಿದ್ದನ್ನ ಮಾತ್ರ
ಇಷ್ಟು ವರ್ಷದಾಗ ಯಾರೂ ತಂದಿರಲಿಲ್ಲ.
ಬೆಂಜೊ ಪಾರ್ಟಿ ಹುಡುಗ, ಟೆಂಪೊ ಮ್ಯಾಲ ನಿಂತು ಬಾರಸಾಂವ,
ಈಗ ಗಿಟಾರು ಹಿಡದಾನ.
ಕರೆಂಟಿಗೂ ಹಚ್ಚಬಹುದಂತ,
ಹಚ್ಚದಿದ್ದರ ತನ್ನ ಹೊಟ್ಟಿಲೆ ತಾನ ಒದರತದಂತ.
"ಮಾವಶಿ," ಅಂದ ಮರಾಠ್ಯಾಗ, ಮುಂದಿಂದೆಲ್ಲಾ ಕನ್ನಡದಾಗ,
"ಎರಡು ಸಲ ಬಿತ್ತು. ಪಟ್ಟಿ ಕಳಚತದ."

ತೊಡಿಮ್ಯಾಲ ಹಾಕ್ಕೊಂಡು ತಿರುವಿ ನೋಡಿದೆ.
ಬುಡದಾಗ ಗುಂಡಿ ಇರೂ ಜಾಗಾದಾಗ
ದಪ್ಪ ಬಾಯಿ, ವಾಯರು ತುರುಕೂದು.
ಅದ ಬಾಯಿಗೇ ಪಟ್ಟಿನೂ ಸಿಗಸಬೇಕು:
ಉಣ್ಣೂದೂ ಅದರಾಗ, ಹೊರೂದೂ ಅದರ ಮ್ಯಾಲ.
ಹೆಣ್ಣಮಕ್ಕಳ ಕತಿ ಆತಲ್ಲೋ ಇದು, ಅಂದೆ.
ಅವ ನಗಲಿಲ್ಲ.
ಬಾಯಿ ಪಕ್ಕ ಕೂದಲೆಳಿಯಷ್ಟು ಬಿರುಕು,
ಅದರ ಮ್ಯಾಲ ಬೆರಳಿಟಗೊಂಡ ಕುಂತಿದ್ದ.

ಆ ತುದಿಗೆ, ತಂತಿ ಕೆಳಗ ತೂರಿಸಿ,
ಬೂಟಿನ ಲಾಡಿ ಕಟ್ಟಿದ್ದ. ಗಂಟೇನ ಅದು!
ಪಟ್ಟಿ ಪ್ಯಾಟಿದು, ಮ್ಯಾಲ ಚಂದ, ಒಳಗ ರಟ್ಟು.

ನಮ್ಮಪ್ಪ ಮಟ್ಟಿ ಹೊಲೀತಿದ್ದ,
ಬಾವಿಯೊಳಗಿಂದ ನೀರು ತುಂಬಿ ಬರೂ ತೊಗಲ ಚೀಲ.
ಭಾರ ಬೀಳೂತನಕ ಎಲ್ಲಾ ಹೊಲಿಗಿ ಗಟ್ಟೀನ, ಅಂತಿದ್ದ,
ಭಾರ ಬಿದ್ದ ಮ್ಯಾಲ ತೂತು ಮಾತಾಡತದ.

ಎಮ್ಮಿ ತೊಗಲು ತಗದೆ.
ದುಂಡನ ತೂತು, ಬಾಯಿಗಿಂತ ಒಂದು ಜ್ವಾಳದಷ್ಟು ಕಮ್ಮಿ,
ರಂಪಿಗಿಲೆ ಒಂದ ಗೀರು,
ಗೀರಿನ ತುದಿಗೆ ಎಳ್ಳಿನಷ್ಟು ಇನ್ನೊಂದು ತೂತು,
ಇಲ್ಲಂದರ ಗೀರು ತನ್ನ ದಾರಿ ತಾನ ಹುಡುಕ್ಕೋತ ಹೋಗತದ.
ತಿಣಿಕಿ ಕುಂತಿತು.
ಮ್ಯಾಲ ಒಂದು ರಬ್ಬರು,
ದಸ್ತಗೀರನ ಅಂಗಡ್ಯಾಗ ಒಡದ ಗೋಲಿಸೋಡಾ ಬಾಟ್ಲಿ ಕೊಳ್ಳಾಗಿಂದು,
ಕೆಂಪಂದು.

ಕುತ್ತಿಗಿ ಬುಡಕ್ಕ ಹೊಸಾ ಗುಂಡಿ ಬೇಕಿತ್ತು.
ಕಟಗಿಗೆ ತೂತು ಹಾಕೂದು ನನಗಾಗೂದಿಲ್ಲ,
ತೊಗಲಾದರ ತಪ್ಪಿದಲ್ಲಿ ತ್ಯಾಪಿ ಹಚ್ಚತೀನಿ.
ಬಡಗ್ಯಾರ ಮೋನಪ್ಪ ಕಲ್ಲಂಗಡಿ ಕೊಳ್ಳಾಂವನಂಗ
ಬೆರಳಗೆಣ್ಣಿಲೆ ಬಡದ ಬಡದ:
ಇಲ್ಲಿ ಪೊಳ್ಳು. ಇಲ್ಲಿ ಪೊಳ್ಳು. ಇಲ್ಲಿ ಗಟ್ಟಿ.
ಹುಡುಗ ಮಾರಿ ಅತ್ತಾಗ ತಿರುವಿದ.
ಸ್ಕ್ರೂಗೆ ಸಬಕಾರ ಸವರಿ,
ಅರ್ಧ ಸುತ್ತು ಮುಂದ, ಕಾಲು ಸುತ್ತು ಹಿಂದ,
ನಡುವ ಹಳೇ ಕಂಬಳಿದೊಂದು ಬಿಲ್ಲಿ.

ಕೊಳ್ಳಾಗ ಹಾಕ್ಕೊ, ಅಂದೆ. ಹಾಕ್ಕೊಂಡ.
ಕೈ ಬಿಡು.
ಬಿಡಲಿಲ್ಲ.
ಬಿಡೋ!
ಒಂದು ಕೈ ಬಿಟ್ಟ.
ನಾನ ಎದ್ದು ಪಟ್ಟಿ ಹಿಡದು ಜಗ್ಗಿದೆ, ಮೂರು ಸಲ.
ಮೂರನೇದಕ್ಕ ಜೋಲಿ ಹೋಗಿ ಛತ್ರಿ ಕಂಬಕ್ಕ ಬಡದ.
ಗಿಟಾರು ಎದಿಮ್ಯಾಲನ ಇತ್ತು.

ವಾಯರು ಸೀದಾ ತುರುಕಬ್ಯಾಡ,
ಪಟ್ಟಿಯೊಳಗಿಂದ ಒಂದು ಸುತ್ತು ತಗೊಂಡು ಹಚ್ಚು,
ಯಾರರೆ ತುಳದರ ಪಟ್ಟಿ ಜಗ್ಗಲಿ, ಬಾಯಿ ಜಗ್ಗಬಾರದು.
ಎಷ್ಟು, ಅಂದ. ಎಂಬತ್ತು, ಅಂದೆ.
ಅರವತ್ತು ಕೊಟ್ಟ.

ರಾತ್ರಿ ವರಾತ್ ನಮ್ಮ ಓಣಿ ಮುಂದ ಹಾದು ಹೋತು.
ಡ್ರಮ್ಮು, ಕ್ಯಾಸಿಯೊ, ಜನರೇಟರಿನ ಗುರಗುರ.
ಗಿಟಾರಿಂದು ಒಂದು ತಂತೀನೂ ಕೇಳಲಿಲ್ಲ ನನಗ.
ಟೆಂಪೊ ತಗ್ಗಿಗೆ ಇಳದಾಗ ಎಲ್ಲಾರೂ
ಒಬ್ಬರ ಮ್ಯಾಲೊಬ್ಬರು ವಾಲಿದರು,
ಅವ ಎರಡೂ ಕೈ ಎತ್ತಿ ಮ್ಯಾಲಿನ ಕಂಬಿ ಹಿಡದ.
ಹಲ್ಲು ಕಚಗೊಂಡು ಅವನ ಸೊಂಟದ ಕಡೆ ನೋಡಿದೆ:
ಕೆಂಪು ರಬ್ಬರು
ಇದ್ದಲ್ಲೇ ಇತ್ತು.

ಇಪ್ಪತ್ತು ರೂಪಾಯಿ ಇನ್ನಾ ಬರೂದದ.