ರವಾನೆ ವಹಿ

ಮಳವಳ್ಳಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ.
ಕಿಟಕಿ ಪಕ್ಕದ ಮೇಜು. ಅದರ ಕುಂಟು ಕಾಲಿಗೆ
ಯಾವುದೋ ವರ್ಷದ ಸಮಾಜ ವಿಜ್ಞಾನದ
ಪ್ರಶ್ನೆಪತ್ರಿಕೆ ಮಡಿಸಿಟ್ಟಿದ್ದಾರೆ.
ಇಲ್ಲಿ ಕೂತು ಹತ್ತೊಂಬತ್ತು ವರ್ಷ
'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದೇ
ಜಗತ್ತಿನ ಜೊತೆ ಮಾತಾಡಿದ್ದೇನೆ.

ಇವತ್ತಿನ ಟಪಾಲು ದಪ್ಪ.
ಮಂಡ್ಯದಿಂದ, ಮೊದಲನೇ ಬಸ್ಸಿನಲ್ಲಿ
ಜವನಯ್ಯ ತೊಡೆಯ ಮೇಲಿಟ್ಟುಕೊಂಡು ತಂದ ಕಟ್ಟು.
ಇನ್ನೂ ಬೆಚ್ಚಗಿದೆ.

ಒಂದನೆಯದು: ಇನ್ನು ಮೇಲೆ ಹಾಜರಿ ಫೋನಿನಲ್ಲಿ.
ಒಂಬತ್ತೂ ಮುಕ್ಕಾಲರೊಳಗೆ, ಶಾಲೆಯಿಂದ
ಐವತ್ತು ಮೀಟರಿನೊಳಗೆ ನಿಂತು ಮುಖ ತೋರಿಸಬೇಕು.
ಮುತ್ತತ್ತಿ ದಾರಿಯ ಶಾಲೆಯಿಂದ
ಸಿದ್ದಲಿಂಗಮೂರ್ತಿ ಮೇಷ್ಟ್ರು ಫೋನು ಮಾಡಿದ್ದರು,
ಗುಡ್ಡ ಹತ್ತಿದ ಏದುಸಿರಿನಲ್ಲಿ:
"ಶಾಲೇಲಿ ನಿಂತ್ರೆ ನೆಟ್‌ವರ್ಕ್ ಇಲ್ಲ,
ನೆಟ್‌ವರ್ಕಲ್ಲಿ ನಿಂತ್ರೆ ಶಾಲೆ ಇಲ್ಲ.
ನಾನು ಯಾವುದಕ್ಕಪ್ಪ ಹಾಜರಾಗ್ಲಿ?"
ಲಿಖಿತವಾಗಿ ಕೊಡಿ ಸಾರ್, ಅಂದೆ.
ಅದಕ್ಕಿಂತ ದೊಡ್ಡ ಮಾತು ನನ್ನ ಬಳಿ ಇಲ್ಲ.

ಮೊಟ್ಟೆಗೆ ಆರು ರೂಪಾಯಿ ಮಂಜೂರು.
ಕಿರುಗಾವಲಿನ ಅಂಗಡಿಯಲ್ಲಿ ಏಳೂಕಾಲು.
ಆ ಒಂದೂಕಾಲು ಎಲ್ಲಿಂದ ಬರಬೇಕೆಂದು
ಸುತ್ತೋಲೆ ಹೇಳುವುದಿಲ್ಲ.
ತಬಸ್ಸುಮ್ ಮೇಡಂ ಅವರ ಪರ್ಸಿಗೆ ಗೊತ್ತು.

ವಯೋನಿವೃತ್ತಿ, ಮೂವರು.
ಹಾರ, ಶಾಲು, ಮತ್ತೆ ಒಂದೊಂದು ಗೋಡೆ ಗಡಿಯಾರ.
ಬೆಲ್ಲು ಹೊಡೆದೂ ಹೊಡೆದೂ ಸಾಕಾದವರಿಗೆ
ಗಡಿಯಾರವನ್ನೇ ಕೊಡುತ್ತೇವೆ, ಯಾಕೋ.

ಅನುಕಂಪದ ಆಧಾರದ ನೇಮಕ, ಒಂದು.
ಹಲಗೂರಿನ ಹಿಂದಿ ಮೇಷ್ಟ್ರ ಮಗಳು
ನಾಳೆಯಿಂದ ನನ್ನ ಎದುರಿನ ಕುರ್ಚಿಗೆ.
ಅವಳ ಅರ್ಜಿಯ ಸಹಿ ನೋಡಿದೆ:
ಹೆಸರು ಅವಳದು, ಅಡಿಯ ಗೆರೆ ಅಪ್ಪನದು.

ಹೆಚ್ಚುವರಿ ಶಿಕ್ಷಕರು, ಮೂವತ್ತೊಂದು.
ಹದಿನಾಲ್ಕನೇ ಹೆಸರು ಚೆಲುವಾಜಮ್ಮ, ಮಕ್ಕಳ ಸಂಖ್ಯೆ ಒಂಬತ್ತು.

ಹೋದ ಬುಧವಾರ ಇಲ್ಲೇ ಬಂದು ನಿಂತಿದ್ದರು,
ಸೆರಗಿನ ತುದಿಗೆ ಸೀಮೆಸುಣ್ಣ ಮೆತ್ತಿತ್ತು.
"ಒಂಬತ್ತಲ್ಲ ಕಣಪ್ಪ, ಹನ್ನೊಂದು.
ಆಲೆಮನೆ ಕೆಲಸಕ್ಕೆ ಬಂದೋರ ಮಕ್ಕಳು ಇಬ್ರು ಬತ್ತವೆ."
ನಂಬರ್ ಇದೆಯಾ ಮೇಡಂ ಅವರಿಗೆ, ಕೇಳಿದೆ.
"ಹೆಸರೈತೆ," ಅಂದರು.

ಆಮೇಲೆ ಹೊರಡದೆ ಹೇಳಿದರು:
ಅವರಲ್ಲಿ ಚಿಕ್ಕವಳಿಗೆ ಮೊನ್ನೆ ಕೂಡುವ ಲೆಕ್ಕ.
ಏಳು, ಐದು, ಹನ್ನೆರಡು.
ಎರಡು ಬರಿ, ಕೈಲೊಂದು, ಅಂದೆ.
ಎರಡು ಬರೆದಳು.
ಕೈಲೊಂದು ಅಂತ ಮುಷ್ಟಿ ಮುಚ್ಚಿದಳು.
ಬಿಸಿಯೂಟದ ಹೊತ್ತಿಗೂ ಬಿಚ್ಚಲಿಲ್ಲ,
ಒಂದೇ ಕೈಲಿ ಉಂಡಳು.
ಸಂಜೆ ಹಾಗೇ ಬಿಗಿಹಿಡಿದು ಹೋದಳು,
ಕಬ್ಬಿನ ಗಾಡಿ ಸಾಲಿನ ನಡುವೆ.

ನಾನು ನಕ್ಕೆ. ಅವರೂ ನಕ್ಕರು.
ನಗು ಮುಗಿದ ಮೇಲೆ ಇಬ್ಬರೂ ನೋಡಿದ್ದು
ಗಣಕದ ಪರದೆಯನ್ನು.
ಅಲ್ಲಿ ಒಂಬತ್ತು ಒಂಬತ್ತಾಗಿಯೇ ಇತ್ತು.

ಇಂದು ಲಕೋಟೆಗಳಿಗೆ ವಿಳಾಸ ಬರೆದೆ,
ಮುದ್ರೆ ಒತ್ತಿದೆ, ವಹಿಯಲ್ಲಿ ಏರಿಸಿದೆ.
ಮೂವತ್ತು ಚೀಲಕ್ಕೆ ಬಿದ್ದವು.

ಇದರಿಂದ ಏನೂ ಆಗುವುದಿಲ್ಲ, ಬಲ್ಲೆ.
ಪಟ್ಟಿ ನಿನ್ನೆಯೇ ವಾಟ್ಸಾಪಿನಲ್ಲಿ ಹೋಗಿದೆ,
ಕೆಳಗೆ ಕೈಮುಗಿದ ಚಿತ್ರಗಳ ಸಾಲಿನಲ್ಲಿ
ಚೆಲುವಾಜಮ್ಮನವರದೂ ಒಂದಿದೆ.
ಸೋಮವಾರ ಮಂಡ್ಯದಲ್ಲಿ ಕೌನ್ಸೆಲಿಂಗು,
ನಾಗಮಂಗಲವೋ ಕೃಷ್ಣರಾಜಪೇಟೆಯೋ
ಖಾಲಿ ಇದ್ದದ್ದನ್ನು ಬೆರಳಿಟ್ಟು ತೋರಿಸಬೇಕು.

ಐದೂ ಇಪ್ಪತ್ತು. ಜವನಯ್ಯ ಬಾಗಿಲಲ್ಲಿ
ಚೀಲದ ಬಾಯಿ ಹಿಡಿದು ನಿಂತಿದ್ದಾನೆ.
"ಇನ್ನೇನಾರ ಅದಾ ಸಾರ್?"

ಎಲ್ಲ ಆಯ್ತು, ಎನ್ನುತ್ತೇನೆ,
ಕೈಲೊಂದು ಇರುವಾಗಲೇ.
ಗೋಂದಿನ ಬಾಟಲಿಯ ಮುಚ್ಚಳ
ಮತ್ತೆ ಅಂಟಿಕೊಂಡಿದೆ.