ಬೂಟು ಹಾಕ್ಕೊಳ್ಳೂ ಮೊದಲ

ಕುಂಡ್ರು ಪಾಯಲ್, ಇಲ್ಲೇ, ಹಾಸ್ಟೆಲಿನ ಕಟ್ಟಿ ಮ್ಯಾಲ.
ಇನ್ನಾ ಐದು ಹೊಡದಿಲ್ಲ,
ಹೂಗಾರ ಸರ್ ಸೀಟಿ ಊದಾಕ ಹೊತ್ತೈತಿ.
ಕಾಲ ಕೊಡು.
ಹೊಲಸದಾವ ಅಕ್ಕಾ ಅಂತಿ.
ಮೂರು ವರ್ಷದಾಗ ನಾ ಇಲ್ಲಿ ನೋಡಿದ ಕಾಲ
ನಿನ್ನ ವಯಸ್ಸಿಗಿಂತ ಹೆಚ್ಚು.

ವಿಜಾಪುರದ ಥಂಡಿ ಬ್ಯಾರೆ.
ಬರ್ಫ ಬೀಳೂದಿಲ್ಲ, ಟೀವಿಯೊಳಗಿನ ಹಂಗ
ಕಾಲಿಗೆ ಹಲಗಿ ಕಟ್ಟಿಕೊಂಡು ಜಾರೂ ಮಂದಿ ಇಲ್ಲ.
ಇಲ್ಲಿ ಗಾಳಿ ಐತಿ,
ಅಡ್ಡ ನಿಲ್ಲಾಕ ಒಂದು ಗುಡ್ಡ ಇಲ್ಲದ ಬಯಲ ಗಾಳಿ.
ತಿಕೋಟಾ ದಾಟಿದ ಮ್ಯಾಲ ಎದುರಿಗೇ ಬಂದು
ಬೂಟಿನ ಜಾಳಗಿಯೊಳಗ ತೂರಿ
ಬಟ್ಟು ಒಂದೊಂದಾಗಿ ಎಣಿಸ್ತೈತಿ
ದಲಾಲಿ ನೋಟು ಎಣಿಸಿದಂಗ.
ಹದಿನೈದು ಕಿಲೋಮೀಟರಿಗೆ ಕಿರಿಬಟ್ಟು ಸುಮ್ಮನಾಗತೈತಿ.
ನೋವಾದ್ರ ಅಂಜಬ್ಯಾಡ.
ಸುಮ್ಮನಾದ್ರ ಅಂಜು.

ಅದಕ್ಕ ಹಳೇ ಪೇಪರು. ಕಾಲ್ಚೀಲದ ಮ್ಯಾಲ, ಬಟ್ಟಿನ ತುದಿಗೆ
ಎರಡು ಸುತ್ತು. ಬಿಗಿ ಬ್ಯಾಡ, ರಕ್ತ ನಿಲ್ಲತೈತಿ.
ಅದರ ಮ್ಯಾಲ ಹಾಲಿನ ಪಾಕೀಟು, ತೊಳದದ್ದು.
ತೊಳೀದಿದ್ರ ವಾಸನಿಗೆ ನಾಯಿ ಬೆನ್ನ ಹತ್ತತಾವ.
ನನ್ನ ಹತ್ತಿದ್ದವು ಹೋದ ವರ್ಷ, ಬಬಲೇಶ್ವರದ ಹಾದ್ಯಾಗ,
ಅವತ್ತ ನನ್ನ ಟೈಮು ಭಾಳ ಚಲೋ ಬಂತು.
ಉಗರ ನೆಟ್ಟಗ ಕತ್ತರಸು, ಮೂಲಿ ಕೊರೀಬ್ಯಾಡ.
ನನ್ನ ಎಡಗಾಲ ಹೆಬ್ಬಟ್ಟು ನೋಡು,
ಉಗರಿಲ್ಲ, ಬರೇ ಅದರ ಜಾಗಾ.

ಈ ಬೂಟು ರತ್ನಾ ಅಸ್ಕಿದು, ಅದಕ್ಕೂ ಮೊದಲ ನಂದು,
ನನಗಿಂತ ಮೊದಲ ಯಾರದೋ,
ಒಳಗ ಪೆನ್ನಿಲೆ ‘ಬಿ’ ಅಂತ ಬರದೈತಿ.
ನಿನಗ ಒಂದು ನಂಬರ ದೊಡ್ಡದು.
ಹತ್ತಿ ತುರುಕು, ಹಿಮ್ಮಡದ ಕಡೆ, ಬಟ್ಟಿನ ಕಡೆ ಅಲ್ಲ,
ಬಟ್ಟಿಗೆ ಅಲುಗಾಡಾಕ ಜಾಗಾ ಬೇಕು.

ಈಗ ಹಿಮ್ಮಡ.
ಅವ್ವಾ ನನ್ನವ್ವಾ, ಏನಿದು,
ಈ ಬಿರುಕಿನಾಗ ಒಂದು ಕಡ್ಲಿಕಾಳು ಕುಂಡ್ರತೈತಿ!
ತಾಂಡಾದಾಗ ನಸಿಕಲೆ ಎದ್ದು ಕಡ್ಲಿ ಪಲ್ಲೆ ಚೂಟಾಕ ಹೊಕ್ಕಿದ್ದಿ ಅಲ್ಲ,
ಬರಿಗಾಲಲೆ, ಇಬ್ಬನಿಯೊಳಗ?
ಆ ಹುಳಿ ಬಿರುಕಿಗೆ ಇಳದ್ರ ಹೆಂಗ ಉರೀತೈತಿ
ನನಗೂ ಗೊತ್ತೈತಿ.
ನಂದೂ ಹೊಲದ್ದ ಕಾಲ.

ಮಾಬೂಬಿ ಚಿಗವ್ವ ರೊಟ್ಟಿ ಬಡದು ಮುಗದ ಮ್ಯಾಲ
ಅದs ಒಲಿ ಮ್ಯಾಲ ನಮಗಂತ ನೀರ ಇಡತಾಳ.
ಉಗುರಬೆಚ್ಚಗ ಇರಬೇಕು, ಸುಡಬಾರದು.
ಮರಗಟ್ಟಿದ ಕಾಲಿಗೆ ಬಿಸಿ ತಿಳೀದಿಲ್ಲ,
ತೊಗಲು ಬೆಂದ ಮ್ಯಾಲ ತಿಳೀತೈತಿ.
ಒರಸು. ಸಂದಿ ಒರಸು, ಬಟ್ಟಿನ ಸಂದಿ,
ಎಲ್ಲಾರೂ ಅದನ್ನ ಬಿಡತಾರ.
ಆಮ್ಯಾಲ ಕುಸಬಿ ಎಣ್ಣಿ, ಒಂದೀಟು ಮೇಣ ಕರಗಿಸಿ,
ಹಿಂಗ, ಕೆಳಗಿಂದ ಮ್ಯಾಲಕ್ಕ.

ಯಾಕ ಅಳತಿ? ಉರೀತೇನು?
ಇಲ್ಲ ಅಂತಿ.
ಹಿರ್ಯಾರದು, ಮಾಸ್ತರದು, ಬಂದ ಬೀಗರದು,
ಎಲ್ಲಾರ ಕಾಲ ನಾನs ಮುಟ್ಟೀನಿ ಅಕ್ಕಾ,
ನಂದು ಯಾರೂ…
ಸಾಕು, ಸುಮ್ಮನಿರು.
ಇದೇನ ನಮಸ್ಕಾರ ಅಲ್ಲ,
ಚೈನಿಗೆ ಎಣ್ಣಿ ಬಿಟ್ಟಂಗ.

ಗೆಜ್ಜಿ ತಗದು ಟ್ರಂಕಿನಾಗ ಇಟ್ಟಿಯಿಲ್ಲ? ಚಲೋ ಮಾಡಿದಿ.
ಹೆಸರು ಪಾಯಲ್, ಕಾಲಾಗ ಪಾಯಲ್ ಇಲ್ಲ ಅಂತ
ಹುಡುಗ್ಯಾರು ನಗತಾರ, ನಗಲಿ.
ಗೆಜ್ಜಿ ಇದ್ದಲ್ಲಿ ಬಿಸಲು ಬೀಳದ ಗೆರಿ ಒಂದು ಉಳದೈತಿ,
ಅದು ಇರಲಿ. ಅದಕ್ಕ ತೂಕಿಲ್ಲ.

ಹಾದಿ ಮ್ಯಾಲ, ತುಳಕೋತನ,
ಒಳಗ ಬಟ್ಟು ಆಡಿಸು. ಹಾಜರಿ ತಗೋ.
ಹತ್ತೂ ಓ ಅನ್ನಬೇಕು.
ಒಂದು ಅನಲಿಲ್ಲ ಅಂದ್ರ ಇಳಿ,
ಸೈಕಲ್ಲ ಚೆಲ್ಲಿ ಕುಂಡ್ರು, ಕೈಲೆ ಹಿಡದು ಬೆಚ್ಚಗ ಮಾಡು,
ಸರ್ ಬೈದ್ರ ನನ್ನ ಹೆಸರ ಹೇಳು.

ಸೀಟಿ ಆತು.
ತಡಿ, ಲೇಸು ನಾ ಕಟ್ತೀನಿ.

ಏನಂದಿ?
ನನ್ನ ಕಾಲಾ?
ಫರಸಿ ಮ್ಯಾಲ ಬರಿಗಾಲಲೆ ಕುಂತೀನಿ ಅಂತಿಯೇನು, ಅವಾಗಿಂದ?
ಹೌದಲ್ಲ.
ನನಗ ಗೊತ್ತಾಗೇ ಇಲ್ಲ ನೋಡು.

ನಡಿ, ಹೊಂಡು.